ಕರ್ತನ ರೊಟ್ಟಿಯ ಬೀಸುಕಲ್ಲು

ಮಾಸೂರಿನ ಕ್ರೈಸ್ತರ ಓಣಿಯಲ್ಲಿ ಕರೆವ್ವನ ಬೀಸುಕಲ್ಲಿಗೆ ಒಂದು ಮರ್ಯಾದೆ ಇತ್ತು. ಅದರಲ್ಲಿ ಜೋಳ ಬೀಸುವಂತಿಲ್ಲ, ಕಡಲೆ ಒಡೆಯುವಂತಿಲ್ಲ. ತಿಂಗಳಿಗೊಮ್ಮೆ ಪಾದ್ರಿಯವರು ಚಕ್ಕಡಿಯಲ್ಲಿ ಬಂದು ಯೇಸುವಿನ ನೆನಪಿನ ಕರ್ತನ ಭೋಜನ ಕೊಡುವಾಗ ಬೇಕಾಗುವ ರೊಟ್ಟಿಗೆ ಗೋದಿ ಬೀಸುವುದಕ್ಕಷ್ಟೇ ಅದು. ಅತ್ತೆ ಸಾಯುವಾಗ ಕಲ್ಲನ್ನೂ ಆ ಕೆಲಸವನ್ನೂ ಕರೆವ್ವನಿಗೆ ಒಪ್ಪಿಸಿ ಹೋಗಿದ್ದಳು. ಗಂಡ ಸತ್ತ, ಮಕ್ಕಳಿಲ್ಲದ ಹೆಂಗಸು ಕರೆವ್ವ. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ವಾರವೆಲ್ಲ ಬೆನ್ನು ಬಗ್ಗಿಸಿ ಕೂಲಿ ಮಾಡುವವಳಿಗೆ ಆ ಒಂದು ಭಾನುವಾರ ಬೆನ್ನು ನೆಟ್ಟಗಾಗುತ್ತಿತ್ತು. ಬಿಳಿ ಬಟ್ಟೆ ಮುಚ್ಚಿದ ತಾಟು ಹಿಡಿದು ಅವಳು ಪ್ರಾರ್ಥನಾ ಮಂದಿರಕ್ಕೆ ನಡೆದರೆ ಜನ ದಾರಿ ಬಿಡುತ್ತಿದ್ದರು.

ಮಹಾಯುದ್ಧ ಶುರುವಾದ ವರ್ಷ ಅವಳಿಗೆ ಚಳಿಜ್ವರ ಬಂತು. ಆ ತಿಂಗಳ ರೊಟ್ಟಿಯನ್ನು ಶೇಖವ್ವ ಮಾಡಿದಳು. ಶೇಖವ್ವ ಆಡೂರಿನ ಕಡೆಯವಳು. ಗಂಡನ ಸಂಗಡ ದೀಕ್ಷಾಸ್ನಾನ ಪಡೆದು ಓಣಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆರಾಧನೆ ಮುಗಿದದ್ದೇ ಹಲ್ಲಿಲ್ಲದ ಮುದುಕಿ ಚೌಡವ್ವ ಬಾಗಿಲಲ್ಲಿ ನಿಂತು ಸಾರಿದಳು:

"ಯವ್ವಾ, ಇಷ್ಟು ವರ್ಷ ಕರ್ತನ ರೊಟ್ಟಿ ನುಂಗಾಕ ತತ್ರಾಣಿ ತುಂಬ ನೀರ ಬೇಕಾಗ್ತಿತ್ತು. ಇವತ್ತ ಬಾಯಾಗ ಇಟ್ಟದ್ದ ತಡ, ಕರಗಿ ಹೋತು!"

ಜನ ನಕ್ಕರು. ಪಾದ್ರಿಯವರೂ ನಕ್ಕರು. ಕರೆವ್ವ ಜ್ವರದಿಂದ ಎದ್ದವಳು, ಸುಧಾರಿಸಿಕೊಳ್ಳಲಿ, ಇನ್ನು ಮೇಲೆ ಶೇಖವ್ವನೇ ಮಾಡಲಿ ಎಂದರು. ಕರುಣೆಯಿಂದಲೇ ಅಂದರು. ಆ ಕರುಣೆ ಕರೆವ್ವನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು.

"ಹಾಲ ಹಾಕಿ ಕಲಸಿದ್ರ ಯಾರ ರೊಟ್ಟಿ ಮೆತ್ತಗಾಗೂದಿಲ್ಲ?" ಎಂದು ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ತಾನೇ ಗೊಣಗಿದಳು. ಕೇಳುವವರು ಯಾರೂ ಇರಲಿಲ್ಲ.

ಕಲ್ಲು ಮಾತ್ರ ಇನ್ನೂ ಅವಳದೇ. ಶನಿವಾರ ಮುಂಜಾನೆ ಶೇಖವ್ವ ಗೋದಿ ತಂದು ಅಲ್ಲಿಯೇ ಬೀಸಬೇಕು. ಹಿಂದಿನ ಸಂಜೆ ಕರೆವ್ವ ಒಂದು ಹಿಡಿ ಲವಂಗಿ ಮೆಣಸಿನಕಾಯಿ ಹುರಿದು, ಯಾವತ್ತೂ ಖಾರ ಕಾಣದ ಆ ಕಲ್ಲಿಗೆ ಹಾಕಿ ತಿರುವಿದಳು. ಪುಡಿ ಬಳಿದು ತೆಗೆದು ಬಟ್ಟೆಯಿಂದ ಒರೆಸಿದಳು. ಕಲ್ಲಿನ ಕಚ್ಚುಗಳಲ್ಲಿ ಕೂತದ್ದನ್ನು ಮಾತ್ರ ಕಂಡೂ ಬಿಟ್ಟಳು.

ಶೇಖವ್ವ ಬೀಸುತ್ತ ಬೀಸುತ್ತ ಸೀನಿದಳು.

"ಯಾಕೋ ಮೂಗ ಚುರುಚುರು ಅನ್ನಾಕತ್ತೈತ್ರಿ, ಅಕ್ಕಾರ."

"ಹೊಸಾ ಗೋದಿ, ಧೂಳಿ ಭಾಳ. ಬೀಸು, ತಂಗಿ."

ಶೇಖವ್ವ ನಂಬಿದಳು. ಆ ಕಲ್ಲಿನ ಮೇಲೆ ಯಾರಿಗೆ ಅನುಮಾನ ಬರಬೇಕು?

ಭೋಜನದ ಮುನ್ನಾದಿನ ಸಂಜೆ ಸಭೆ ಸೇರಿ, ಒಬ್ಬರಿಗೊಬ್ಬರು ಕೈ ಕೊಟ್ಟು, ಮನಸ್ಸಿನಲ್ಲಿ ಸಿಟ್ಟಿಲ್ಲವೆಂದು ಹೇಳುವುದು ಅಲ್ಲಿಯ ವಾಡಿಕೆ. ಶೇಖವ್ವ ತಾನಾಗಿಯೇ ಎದುರು ಬಂದು ಕೈ ಚಾಚಿದಳು. "ನನ್ನ ಮ್ಯಾಲ ಏನರ ಸಿಟ್ಟೈತೇನ್ರಿ?"

"ಏನೂ ಇಲ್ಲವ್ವಾ," ಎಂದು ಕರೆವ್ವ ಕೈ ಕೊಟ್ಟಳು.

ಮರುದಿನ ರೊಟ್ಟಿ ಮುರಿದು ಹಂಚಲಾಯಿತು. ಮೊದಲು ಪಾದ್ರಿಯವರ ಕಿವಿ ಕೆಂಪಾಯಿತು. ಆಮೇಲೆ ಸಾಲು ಸಾಲಾಗಿ ಮೂಗು ಸೇದುವ ಸದ್ದು. ಕರ್ತನ ಮೇಜಿನದನ್ನು ಉಗುಳುವಂತಿಲ್ಲ, ನೀರು ಕೇಳುವಂತಿಲ್ಲ. ಒಂದೊಂದು ಗುಟುಕು ದ್ರಾಕ್ಷಾರಸ ಯಾವ ಮೂಲೆಗೂ ಸಾಲಲಿಲ್ಲ. ಗಂಡಸರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಚೌಡವ್ವ ಬಿಕ್ಕಿ ಬಿಕ್ಕಿ ಅತ್ತಳು. ಕರೆವ್ವ ತನ್ನ ಪಾಲನ್ನೂ ನುಂಗಿದಳು. ಅದು ಗಂಟಲು ಸುಡುತ್ತಲೇ ಇಳಿಯಿತು. ಈಗ ಬೈಗುಳ ಶುರುವಾಗುತ್ತದೆಂದು ಕಾದಳು.

ಪಾದ್ರಿಯವರು ತಲೆ ತಗ್ಗಿಸಿ ಕೂತ ಶೇಖವ್ವನ ಕಡೆ ನೋಡಿ, ಗಂಟಲು ಸರಿಪಡಿಸಿಕೊಂಡು ಎದ್ದರು. "ಐಗುಪ್ತ ದೇಶದ ದಾಸತ್ವ ಬಿಟ್ಟು ಹೊರಟ ರಾತ್ರಿ ಇಸ್ರಾಯೇಲರು ಕಹಿ ಪಲ್ಯದ ಕೂಡ ರೊಟ್ಟಿ ತಿಂದರು. ಇವತ್ತು ನಮ್ಮಲ್ಲಿಯೂ ಕಣ್ಣೀರಿಲ್ಲದೆ ಯಾರೂ ತಿನ್ನಲಿಲ್ಲ."

"ಖರೇರಿ!" ಎಂದಳು ಚೌಡವ್ವ. "ಕರ್ತ ಪಟ್ಟ ಕಷ್ಟ ಇವತ್ತ ನನ್ನ ನಾಲಗಿಗಿ ತಿಳೀತು. ಶೇಖವ್ವನ ಕೈಯಾಗ ಏನೋ ಐತಿ!"

ಹೆಂಗಸರು ಶೇಖವ್ವನ ಬೆನ್ನು ಸವರಿದರು. ಅವಳೋ ಏನೂ ತಿಳಿಯದೆ ಅಳುತ್ತಿದ್ದಳು. ಒಬ್ಬಳು ಅವಳ ಕೈಯನ್ನೇ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಕರೆವ್ವನಿಗೆ ತಡೆಯಲಾಗಲಿಲ್ಲ.

"ಅಕಿ ಏನ ಮಾಡ್ಯಾಳ?" ಎಂದು ಎದ್ದು ಕೂಗಿದಳು. "ಆ ಖಾರ ನಂದು! ನನ್ನ ಕಲ್ಲಿಂದು! ನಾ ಮೆಣಸಿನಕಾಯಿ ಬೀಸೇನಿ!"

ಹೆಂಗಸರು ಶೇಖವ್ವನ ಬೆನ್ನಿನಿಂದ ಕೈ ತೆಗೆದು ಕರೆವ್ವನ ಕಡೆ ತಿರುಗಿದರು.

"ನಿನ್ನೆ ಸಂಜೆ ಅವಳಿಗೆ ಕೈ ಕೊಟ್ಟಿದ್ದೆಯಲ್ಲ, ಕರೆವ್ವ?" ಪಾದ್ರಿಯವರು ಮೆಲ್ಲಗೆ ಕೇಳಿದರು.

"ಕೊಟ್ಟಿದ್ದೆರಿ."

ಮುಂದಿನ ತಿಂಗಳು ಅವಳು ಭೋಜನಕ್ಕೆ ಬರಬಾರದೆಂದು ತೀರ್ಮಾನವಾಯಿತು. ಚೌಡವ್ವ ಮೂಗು ಒರೆಸಿಕೊಳ್ಳುತ್ತ, "ನಾ ಕರ್ತನ ಸಲುವಾಗಿ ಅತ್ತೆನೋ, ಲವಂಗಿ ಕಾಯಿ ಸಲುವಾಗಿ ಅತ್ತೆನೋ ಯಾರಿಗ್ಗೊತ್ತು!" ಎಂದಳು. ಕರೆವ್ವ ಪಶ್ಚಾತ್ತಾಪ ಪಟ್ಟು ಒಪ್ಪಿಕೊಂಡಳೆಂದು ಓಣಿಯಲ್ಲಿ ಮಾತಾಯಿತು. ಹಾಗಲ್ಲವೆಂದು ಕರೆವ್ವನಿಗೆ ಗೊತ್ತಿತ್ತು. ಆ ಮೆಚ್ಚುಗೆ ಇನ್ನೊಬ್ಬಳ ಪಾಲಾಗುವುದನ್ನು ನೋಡಲಾರದೆ ಅವಳು ಬಾಯಿ ಬಿಟ್ಟಿದ್ದಳು.

ಮುಂದಿನ ತಿಂಗಳ ಶನಿವಾರ ಶೇಖವ್ವ ಗೋದಿ ಹಿಡಿದು ಮತ್ತೆ ಬಂದಳು. ಕರೆವ್ವ ಕಲ್ಲು ತೊಳೆದು, ಕಚ್ಚುಗಳನ್ನು ಕಡ್ಡಿಯಿಂದ ಕೆದಕಿ, ಖಾರ ಹೋಗಲೆಂದು ನುಚ್ಚು ಬೀಸಿ ಚೆಲ್ಲಿದ್ದಳು. ಶೇಖವ್ವ ಕಲ್ಲಿಗೆ ಬೆರಳು ಸವರಿ ನಾಲಗೆಗೆ ಹಚ್ಚಿಕೊಂಡಳು. ಕರೆವ್ವನಿಗೆ ಚುರುಕ್ಕೆಂದಿತು.

"ನಂಬಿಕಿ ಇಲ್ಲೇನು?"

"ಇಲ್ರಿ, ಅಕ್ಕಾರ," ಎಂದಳು ಶೇಖವ್ವ ನೆಟ್ಟಗೆ. ಆಮೇಲೆ ಕಲ್ಲಿನ ಒಂದು ಬದಿಗೆ ಕೂತು ಗೂಟ ಹಿಡಿದಳು. "ಒಬ್ಬಾಕಿಗೆ ಕಲ್ಲ ಭಾರ ಆಗ್ತೈತಿ. ಬರ್ರಿ, ಆ ಕಡೆ ಕುಂದ್ರರಿ."

ನಾಳೆ ಆ ರೊಟ್ಟಿ ಕರೆವ್ವನ ಬಾಯಿಗೆ ಬರುವುದಿಲ್ಲ. ಆದರೂ ಅವಳು ಕೂತು, ಶೇಖವ್ವನ ಕೈಯ ಮೇಲ್ಗಡೆ ಗೂಟ ಹಿಡಿದಳು. ಕಲ್ಲು ತಿರುಗತೊಡಗಿತು. ಹಿಟ್ಟು ಬೆಳ್ಳಗೆ ಸುತ್ತಲೂ ಉದುರಿತು. ಪ್ರತಿ ಸುತ್ತಿಗೂ ಕರೆವ್ವ ಶೇಖವ್ವನಿಗಿಂತ ಒಂದಿಷ್ಟು ಹೆಚ್ಚೇ ಎಳೆದಳು.