ಎಳೆ ಎಲೆಯ ಪಾಲು

ನನ್ನ ಗಿಡಗಳಿಗೆ ಏನೂ ಆಗಿರಲಿಲ್ಲ. ನನ್ನ ಕಷ್ಟವೇ ಅದು.

ಎಲೆಯೊಳಗೆ ಒಂದು ಕಿಣ್ವವಿದೆ. ಗಾಳಿಯಲ್ಲಿರುವ ಇಂಗಾಲವನ್ನು ಹಿಡಿದು ಸಕ್ಕರೆಯ ದಾರಿಗೆ ಹತ್ತಿಸುವುದು ಅದರ ಕೆಲಸ. ಆ ಕಿಣ್ವದ ಒಂದು ಸಣ್ಣ ಭಾಗವನ್ನು ಹೇಗೆ ಕಟ್ಟಬೇಕೆಂದು ತಿಳಿಸುವ ಜೀನ್ ಒಂದಲ್ಲ, ನಾಲ್ಕಿವೆ. ಒಂದೇ ಅಚ್ಚಿನಲ್ಲಿ ತೆಗೆದಂತಿರುವ ಕುಟುಂಬ. ಅವುಗಳಲ್ಲಿ ಮೂರನೆಯದನ್ನು ಸುಮ್ಮನಾಗಿಸಿದರೆ ಗಿಡ ಏನು ಮಾಡೀತು ಎಂಬುದು ನನ್ನ ಸಂಶೋಧನೆ. ಎರಡು ವರ್ಷ ಹೆಣಗಾಡಿ ಸುಮ್ಮನಾಗಿಸಿದೆ. ಗಿಡ ಕ್ಯಾರೇ ಅನ್ನಲಿಲ್ಲ. ಪಕ್ಕದ ಸಾಧಾರಣ ಗಿಡಗಳಷ್ಟೇ ಹಸಿರಾಗಿ, ದೀಪದ ಕೆಳಗೆ ಹಾಯಾಗಿ ನಿಂತಿತ್ತು. ಎಲೆ ಅರೆದು ಕಿಣ್ವ ಅಳೆದರೆ ಅಲ್ಲೂ ಸರಿಸಮ.

"ಉಳಿದ ಮೂರು ಸೇರಿ ಅದರ ಕೆಲಸ ಹಂಚ್ಕೊಂಡಿವೆ, ಅಷ್ಟೇ," ಎಂದರು ನನ್ನ ಗೈಡ್ ಮೇಡಂ. "ಕೊನೇ ಸಲ ಅಳೆದು ಶುಕ್ರವಾರದ ಮೀಟಿಂಗ್‌ನಲ್ಲಿ ತೋರಿಸು. ವ್ಯತ್ಯಾಸ ಸಿಗಲಿಲ್ಲ ಅಂದ್ರೆ ಈ ವಿಷಯ ಮುಚ್ಚೋಣ. ಬೇರೆ ಹುಡುಕೋಣ."

ನಾನು ತಲೆಯಾಡಿಸಿದೆ. ಆ ಮೂರನೆಯದು ಯಾವ ಕೆಲಸಕ್ಕೂ ಬಾರದ್ದು ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಆದರೆ ಮನಸ್ಸಿಲ್ಲ ಎಂಬುದನ್ನು ಗ್ರಾಫ್ ಮಾಡಿ ತೋರಿಸಲಾಗುವುದಿಲ್ಲವಲ್ಲ.

ಗುರುವಾರ ಮಧ್ಯಾಹ್ನ ಅಕ್ಕ ಲ್ಯಾಬಿಗೆ ನುಗ್ಗಿದಳು. ಅವಳದು ಲಾಂಡ್ರಿ ಅಂಗಡಿ. ಎಲ್ಲಿ ಹೋದರೂ ಸೋಪಿನ ವಾಸನೆ ಅವಳಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತದೆ.

"ಅಮ್ಮ ಕಳಿಸಿದ್ಲು. ಬದುಕಿದ್ದಾಳೋ ಇಲ್ವೋ ನೋಡ್ಕೊಂಡು ಬಾ ಅಂತ. ಫೋನ್ ಎತ್ತೋಕೆ ಏನೇ ದಾಡಿ ನಿನಗೆ?"

"ಕೆಲಸ ಇತ್ತು ಅಕ್ಕ."

"ಏನು, ಈ ಸೊಪ್ಪು ಕಾಯೋ ಕೆಲಸಾನಾ?"

ನನಗೆ ನಗು ಬಂತು. ನನ್ನ ಜೊತೆ ಕೆಲಸ ಮಾಡುವ ಗೆಳತಿ ಅಂದು ಜ್ವರವೆಂದು ಮಲಗಿದ್ದಳು. ಎಲೆ ಕತ್ತರಿಸಿದ ಕೂಡಲೇ ಮಂಜುಗಡ್ಡೆಯ ಮೇಲಿಟ್ಟು ಅರೆಯಬೇಕು, ತಡವಾದರೆ ಕಿಣ್ವ ಕೆಡುತ್ತದೆ. ಅಕ್ಕ ಕೇಳುವ ಮೊದಲೇ ತೋಳು ಮಡಿಸಿದ್ದಳು. ಕೈಗವಸು ತೊಡಿಸಿ ಪುಟ್ಟ ಪಿಂಗಾಣಿ ಕುಟ್ಟಾಣಿಯನ್ನು ಅವಳ ಮುಂದಿಟ್ಟೆ.

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿಯಿದೆ. ಪ್ರತಿ ಗಿಡದಿಂದಲೂ ತುದಿಯ ಎಳೆ ಎಲೆ ಒಂದು, ನಡುವಿನದು ಒಂದು, ಬುಡದ ಬಲಿತದ್ದು ಒಂದು ತೆಗೆದು, ಮೂರನ್ನೂ ಒಟ್ಟಿಗೆ ಅರೆಯುವುದು. ಯಾವ ಎಲೆಗೂ ಅನ್ಯಾಯವಾಗಬಾರದೆಂದು ಹಿಂದೆ ಯಾರೋ ಮಾಡಿದ್ದು. ಅಕ್ಕನಿಗೆ ಅದನ್ನೇ ಎರಡು ಸಲ ಹೇಳಿ, ನಾನು ಕತ್ತರಿ ಹಿಡಿದು ಗಿಡಗಳತ್ತ ಬಗ್ಗಿದೆ. ಹಿಂದಿನಿಂದ ಕುಟ್ಟಾಣಿಯ ಸದ್ದು, ಅದರ ಮೇಲೊಂದು ಪದರದಂತೆ ಅಕ್ಕನ ಮಾತು. ಅತ್ತೆಯ ಮಂಡಿನೋವು, ಚಿಕ್ಕ ಮಗಳ ಹೊಸ ಸೈಕಲ್ಲು, ಅಂಗಿಯ ಜೇಬಿನಲ್ಲಿ ಹಲ್ಲಿನ ಸೆಟ್ಟು ಬಿಟ್ಟುಹೋದ ಗಿರಾಕಿ.

ಕೊನೆಯ ಎಲೆ ಕೊಟ್ಟು ತಿರುಗಿದೆ. ಮಂಜುಗಡ್ಡೆಯ ಡಬ್ಬಿಯಲ್ಲಿ ಇರಬೇಕಾದದ್ದರ ಮೂರರಷ್ಟು ಟ್ಯೂಬುಗಳು ಸಾಲಾಗಿ ನಿಂತಿದ್ದವು. ಮುಚ್ಚಳದ ಮೇಲೆ ಗಿಡದ ನಂಬರು, ಪಕ್ಕದಲ್ಲಿ ಎಳೆಯದಕ್ಕೆ ಒಂದು ಗೀಟು, ನಡುವಿನದಕ್ಕೆ ಎರಡು, ಬಲಿತದ್ದಕ್ಕೆ ಮೂರು.

"ಅಕ್ಕಾ! ಒಟ್ಟಿಗೆ ಅರಿ ಅಂದಿದ್ನಲ್ಲ!"

"ಅಂದಿದ್ದೆ. ಆದ್ರೆ ಕೈ ಬರಲಿಲ್ಲ ಕಣೇ. ಇದು ರೇಷ್ಮೆ ಇದ್ದಂಗಿದೆ, ಅದು ಗೋಣಿತಟ್ಟು. ಎರಡನ್ನೂ ಒಂದೇ ಸಲ ಹಾಕಿದ್ರೆ ನನ್ನ ಗಿರಾಕಿಗಳು ನನ್ನನ್ನೇ ಒಗೀತಾರೆ."

"ಇದು ಬಟ್ಟೆ ಅಲ್ಲ!"

"ಗೊತ್ತು. ಬಟ್ಟೆ ಆಗಿದ್ರೆ ಇಷ್ಟೊತ್ತಿಗೆ ಇಸ್ತ್ರೀನೂ ಆಗಿರೋದು."

ತಪ್ಪನ್ನು ಸರಿಪಡಿಸುವುದು ಸುಲಭವಿತ್ತು. ಮೂರು ಟ್ಯೂಬುಗಳದ್ದನ್ನು ಒಂದಕ್ಕೆ ಸುರಿದರೆ ಮುಗಿಯಿತು. ಮೊದಲ ಗಿಡದ ಮೂರು ಮುಚ್ಚಳ ತೆಗೆದೆ. ಸುರಿಯಲು ಕೈ ಓರೆ ಮಾಡಿದವಳು ನಿಂತೆ. ಸುರಿದ ಮೇಲೆ ಬೇರೆ ಮಾಡಲಾಗುವುದಿಲ್ಲ. ಇಷ್ಟು ದಿನ ನಾನು ಮಾಡಿದ್ದು ಇದನ್ನೇ ಅಲ್ಲವೇ? ಎಲ್ಲ ಎಲೆಗಳನ್ನೂ ಒಟ್ಟಿಗೆ ಕೂರಿಸಿ ಪ್ರಶ್ನೆ ಕೇಳಿದ್ದೆ. ಅಂಗೈಯಗಲದ ಬಲಿತ ಎಲೆ ಉತ್ತರ ಕೊಟ್ಟಿತ್ತು. ಉಗುರಿನಷ್ಟಿರುವ ಎಳೆ ಎಲೆ ಏನು ಹೇಳಿತೋ, ನನಗೆ ಕೇಳಿಸಿಯೇ ಇರಲಿಲ್ಲ.

"ಯಾಕೆ ಸುಮ್ಮನಾದೆ? ಅಳ್ತೀಯಾ?"

"ಇಲ್ಲ. ಸ್ವಲ್ಪ ಹೊತ್ತು ಮಾತಾಡ್ಬೇಡ ಅಕ್ಕ."

ಅಕ್ಕ ಸ್ಟೂಲಿನ ಮೇಲೆ ಕೂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಒಂದೊಂದೇ ಟ್ಯೂಬನ್ನು ಯಂತ್ರಕ್ಕಿಟ್ಟೆ. ಬಲಿತ ಎಲೆಯಲ್ಲಿ ನನ್ನ ಗಿಡದ ಕಿಣ್ವ ಸಾಧಾರಣ ಗಿಡದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚೇ. ನಡುವಿನದರಲ್ಲಿ ಸಮ. ಎಳೆಯದರಲ್ಲಿ ಅರ್ಧ. ಮುಂದಿನ ಗಿಡದಲ್ಲೂ ಅರ್ಧ. ಅದರ ಮುಂದಿನದರಲ್ಲೂ.

"ಅರ್ಧ!" ಎಂದು ಕಿರುಚಿದೆ.

"ಹೋಯ್ತಾ?" ಅಕ್ಕ ಎದೆ ಮುಟ್ಟಿಕೊಂಡಳು. "ನಾನೇ ಕೆಡಿಸಿದ್ನಾ?"

ಅವಳನ್ನು ತಬ್ಬಿಕೊಂಡೆ. ಕೆಟ್ಟರೆ ಯಾಕೆ ತಬ್ಬಿಕೊಳ್ಳಬೇಕೆಂದು ಅವಳು ಮನೆಯವರೆಗೂ ಕೇಳುತ್ತಲೇ ಬಂದಳು.

ಶುಕ್ರವಾರ ಮೇಡಂ ಗ್ರಾಫನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಬೇರೆ ಬೇರೆ ಅರೆಯೋಕೆ ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಲಿಲ್ಲ ಮೇಡಂ. ಒಟ್ಟಿಗೆ ಅರಿ ಅಂದ್ರೆ ನಮ್ಮಕ್ಕ ಕೇಳಲಿಲ್ಲ."

ಸುತ್ತ ಕೂತವರೆಲ್ಲ ನಕ್ಕರು. ಮೇಡಂ ನಗಲಿಲ್ಲ. "ಒಂದು ಸಲದ ಅಳತೆ. ಇದನ್ನ ನಂಬೋಕಾಗಲ್ಲ."

"ನಂಬಬೇಡಿ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಹೊಸ ಬೀಜ ಬಿತ್ತಿ ಮತ್ತೆ ಅಳೀತೀನಿ. ಆದ್ರೆ ವಿಷಯ ಮುಚ್ಚಬೇಡಿ ಮೇಡಂ. ಎಲೆ ಎಳೇದಾಗಿದ್ದಾಗ ನೋಡ್ಕೊಳ್ಳೋದು ಈ ಮೂರನೇದು ಅನ್ಸುತ್ತೆ. ಉಳಿದವು ಬಂದು ಕೈ ಹಾಕೋದು ಆಮೇಲೆ. ಎಷ್ಟು ಆಮೇಲೆ ಅಂತ ನಾನು ನೋಡ್ಲೇಬೇಕು."

ಮೇಡಂ ನನ್ನನ್ನೇ ದಿಟ್ಟಿಸಿದರು, ಹೊಸದಾಗಿ ಸೇರಿದವಳನ್ನು ನೋಡುವಂತೆ.

"ಬಿತ್ತು," ಎಂದರು. "ಒಂದು ತಟ್ಟೆ ಬೀಜ ಅಲ್ಲ, ನಾಲ್ಕು. ಒಂದೊಂದೂ ಬೇರೆ ಬೇರೆ ದಿನ. ಅರೆಯೋ ದಿನ ನನ್ನನ್ನೂ ಕರಿ."

ಮೀಟಿಂಗ್ ಮುಗಿಯುವ ಮೊದಲೇ ಎದ್ದು, ಮಣ್ಣು ಹದ ಮಾಡಲು ಹೊರಟೆ.