ಅರದಿಂದ ಉಜ್ಜಿದ ಹೆಸರು

ಸೌಂದರ್ಯ ಕಡೆಯವರು ಯಾರ್ರೀ, ನರ್ಸಮ್ಮ ಬಾಗಿಲಲ್ಲಿ ನಿಂತು ಎರಡು ಸಲ ಕೂಗಿದರೂ ಭೀಮಣ್ಣ ಏಳಲಿಲ್ಲ, ಯಾರ ಮಗಳೋ ಪಾಪ ಅಂದುಕೊಂಡ, ಮೂರನೇ ಸಲ ಲೋಕಮ್ಮ ಮೊಣಕೈಯಿಂದ ತಿವಿದಳು, ರೀ, ನಮ್ ಹುಡುಗೀನೇ ಕಣ್ರೀ — ಹೌದಲ್ಲ, ಮದುವೆಯಾದ ನಾಲ್ಕು ತಿಂಗಳಿಂದ ಅವಳು ಸೌಂದರ್ಯ, ತಾನೇ ಒಪ್ಪಿದ ಹೆಸರು, ಕಿವಿಗೆ ಮಾತ್ರ ಇನ್ನೂ ಹತ್ತಿಲ್ಲ. ಎದ್ದು ಓಡಿದರೆ ಸುದ್ದಿ ಅದೇ, ಡೆಂಗಿ ಜ್ವರ ಇಳಿದಿಲ್ಲ, ಶಿವಮೊಗ್ಗದಿಂದ ಪ್ಲೇಟ್‌ಲೆಟ್ ಬರಬೇಕು, ಕೂತಿರಿ. ಕೂತಿರಿ! ಶಿಕಾರಿಪುರದ ಆಸ್ಪತ್ರೆಗೆ ಬಂದಾಗಿನಿಂದ ಇದೊಂದೇ ಮಾತು, ಯಾರಿಗೆ ಬೈಯುವುದು, ಸೊಳ್ಳೆಗೆ ಬೈಯಲೇ, ಗಾಜಿನಾಚೆ ಮಗಳ ಪಾದ ಎರಡೇ ಕಾಣುತ್ತಿವೆ, ಮಡಿಲಲ್ಲಿ ಗಂಜಿಯ ಸ್ಟೀಲ್ ಲೋಟ ತಣ್ಣಗಾಗುತ್ತಿದೆ, ಅದರ ಹೊಟ್ಟೆಯ ಮೇಲೆ ಗೀರುಗೀರಾದ ಬಿಳಿ ಕಲೆ.

ಮೊದಲನೆಯ ಕೂಸು ಹನ್ನೊಂದು ದಿನ ಇತ್ತು, ಎರಡನೆಯದು ಒಂದು ತಿಂಗಳು, ಮೂರನೆಯದಕ್ಕೆ ಲೋಕಮ್ಮ ದರ್ಗಾಕ್ಕೆ ಹರಕೆ ಹೊತ್ತಳು, ಉಳಿದರೆ ನೀವು ಹೇಳಿದ ಹೆಸರೇ ಇಡ್ತೀವಿ ಸಾಹೇಬ್ರೇ. ಮುಜಾವರರು ಕೂಸಿನ ಹಣೆಗೆ ನವಿಲುಗರಿ ಮುಟ್ಟಿಸಿದರು, ಆಯಿಷಾ ಅಂತ ಕರೀರಿ, ಅರಬಿ ಮಾತು, ಬದುಕಿರೋಳು ಅಂತ ಅರ್ಥ, ನಮ್ಮ ಪೈಗಂಬರರ ಹೆಂಡತಿಯ ಹೆಸರು, ಕರೆದಾಗಲೆಲ್ಲ ಬದುಕು ಅಂತ ಹರಸಿದ ಹಾಗೆ. ಉಳಿದಳು. ಮೊದಲ ಹುಟ್ಟುಹಬ್ಬಕ್ಕೆ ಭೀಮಣ್ಣ ಸೊರಬದ ಪೇಟೆಯಲ್ಲಿ ಈ ಲೋಟ ಕೊಂಡು ಹೆಸರು ಕೊರೆಸಿದ, ಷಾ ಸ್ವಲ್ಪ ಓರೆಯಾಗಿತ್ತು. ಇದೇನಪ್ಪಾ ಸಾಬರ ಹೆಸರು ಅಂದ ಮೇಷ್ಟರ ಹತ್ತಿರ ಜಗಳ, ಜಡೆ ಊರಿನ ಬಸ್ಸಲ್ಲಿ ನಕ್ಕವನ ಅಂಗಿ ಹಿಡಿದು ಜಗಳ, ನನ್ ಮಗಳು, ನನ್ನಿಷ್ಟ, ನಿಂದೇನ್ ಗಂಟು ಹೋಗ್ತದೆ — ಇಪ್ಪತ್ತೆರಡು ವರ್ಷ ಹೀಗೆ ಕಾದ ಹೆಸರು, ಕುಪ್ಪಗಡ್ಡೆಯ ಬೀಗರು ಉಜ್ಜಪ್ಪನವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಲಗ್ನಪತ್ರಿಕೇಲಿ ಇದು ಬ್ಯಾಡ ಭೀಮಣ್ಣ, ಸೌಂದರ್ಯ ಅಂತಿರ್ಲಿ, ನಾಲ್ಕ್ ಜನ ನೋಡ್ತಾರೆ, ಅಂದರು ಅಷ್ಟೇ. ಎಲ್ಲಿ ಹೋಗಿತ್ತು ಆಗ ನಿನ್ನ ಸಿಟ್ಟು, ಆಗಲಿ ಬಿಡಿ ಅಂದುಬಿಟ್ಟೆಯಲ್ಲೋ. ಅವತ್ತು ಲೋಕಮ್ಮ ಒಳಗಿಂದ ಬಂದಳು, ಹೆಸರು ಕೊಟ್ಟೋರ್ನ ಒಂದ್ ಮಾತು ಕೇಳಿ ಬರಾಣ ರೀ. ಅವಳ ಮೇಲೆ ಮಾತ್ರ ಹಾರಿಬಿದ್ದ, ಹೆಸರಲ್ಲೇನ್ ಜೀವ ಇರ್ತದೇನೇ. ಲೋಟ ಗಂಡನ ಮನೆಗೆ ಹೋಗಬೇಕಲ್ಲ, ಕುಡುಗೋಲು ಮಸೆಯುವ ಅರ ತಂದು ಜಗುಲಿಯಲ್ಲಿ ಕೂತು ತಾನೇ ಉಜ್ಜಿದ, ಮಗಳು ಹೊಸ್ತಿಲಲ್ಲಿ ನಿಂತು ನೋಡಿದಳು, ಅಪ್ಪಾ, ಕೈ ಹುಷಾರು, ಅಂದಳು.

ನಾಲ್ಕು ತಿಂಗಳಿಂದ ಯಾರೂ ಅವಳಿಗೆ ಬದುಕು ಅಂದಿಲ್ಲ. ಎದ್ದು ಗಾಜಿಗೆ ಬಾಯಿ ತಾಗಿಸಿದ, ಆಯಿಷಾ, ಪಕ್ಕದಲ್ಲಿ ಅಳಿಯ ಸಿದ್ಧಲಿಂಗೇಶ ತಲೆ ತಗ್ಗಿಸಿ ನಿಂತಿದ್ದಾನೆ, ನಿಂತಿರಲಿ, ಆಯಿಷಾ, ಗಾಜು ಮಬ್ಬಾಯಿತು, ಒರೆಸಿದ, ಪಾದ ಹಾಗೇ ಇದೆ, ಗಲಾಟೆ ಮಾಡ್ಬೇಡಿ ಯಜಮಾನ್ರೇ, ಕೂತಿರಿ. ಕೂತ. ಹೆಬ್ಬೆರಳು ಲೋಟದ ಮೇಲೆ ಆ ಓರೆ ಷಾ ಹುಡುಕುತ್ತದೆ, ಒಂದು ಗೆರೆ ಉಳಿದಿದ್ದರೂ ಸಾಕಿತ್ತು, ಚೆನ್ನಾಗಿ ಉಜ್ಜಿದ್ದಾನೆ, ಏನೂ ಉಳಿಸಿಲ್ಲ, ಗೀರುಗೀರಾದ ಬಿಳಿ ಕಲೆ, ಹೆಬ್ಬೆರಳು, ಬಿಳಿ ಕಲೆ —