ತಪ್ಪಿನ ಕೇಕ್

ಆಲ್ಬೋರ್ಗ್‌ನ ಬಂದರು ರಸ್ತೆಯ ಸಿಗ್ರಿಡ್‌ಳ ಲಾಂಡ್ರಿಯಲ್ಲೂ, ಊರಿನ ಬೇರೆಲ್ಲ ಕೆಲಸದ ಜಾಗಗಳಲ್ಲಿರುವ ಕಟ್ಟಳೆಯೇ ಇತ್ತು: ಎಡವಟ್ಟು ಮಾಡಿದವರು ಮರುದಿನ ಎಲ್ಲರಿಗೂ ಕೇಕ್ ತರಬೇಕು. ಬಿಳಿ ಬೆಡ್‌ಶೀಟುಗಳ ಜೊತೆ ಕೆಂಪು ಕಾಲುಚೀಲ ಒಗೆದವಳು ತಂದಿದ್ದಳು. ವ್ಯಾನಿನ ಕೀಲಿಯನ್ನೇ ಒಗೆಯಲು ಹಾಕಿದ ಸಿಗ್ರಿಡ್ ಕೂಡ ತಂದಿದ್ದಳು. ಬೈಗುಳವಿಲ್ಲ, ಮುಖ ಗಂಟಿಕ್ಕುವುದಿಲ್ಲ. ಕೇಕ್ ತಿಂದರೆ ತಪ್ಪು ಮುಗಿಯಿತು.

ಅಲ್ಲಿದ್ದವರೆಲ್ಲ ಬೇರೆ ಯಾರೂ ಕೆಲಸ ಕೊಡದವರು. ಮನಸ್ಸು ಕೆಟ್ಟು ಆಸ್ಪತ್ರೆ ಸೇರಿ ಬಂದವರು, ಜೈಲು ಕಂಡವರು. ಅವರಿಗೆಂದೇ ಲಾಂಡ್ರಿ ಶುರುಮಾಡಿದ್ದೆಂದು ಸಿಗ್ರಿಡ್ ವ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಳು. ಮೊದಲು ಸೇರಿದವನು ವಿಲ್ಲಿ. ಐವತ್ತು ದಾಟಿದ ಆಳು, ದೊಡ್ಡ ಕೈ, ಸಣ್ಣ ದನಿ. ಒಮ್ಮೆ ಹೋಟೆಲಿನ ದಿಂಬಿನ ಗವಸಿನಲ್ಲಿ ಯಾವುದೋ ಮಗುವಿನ ಹಾಲುಹಲ್ಲು ಅವನಿಗೆ ಸಿಕ್ಕಿತ್ತು. ಉದುರಿದ ಹಲ್ಲನ್ನು ದಿಂಬಿನಡಿ ಇಟ್ಟು ಮಲಗಿದರೆ ಬೆಳಿಗ್ಗೆ ಕಾಸು ಸಿಗುತ್ತದೆಂದು ಅಲ್ಲಿನ ಮಕ್ಕಳ ನಂಬಿಕೆ. ಹಲ್ಲು ಬೇಕೆಂದು ಮಗು ಅತ್ತೂ ಅತ್ತೂ ಸಾಕಾಗಿತ್ತಂತೆ. ಅಂದಿನಿಂದ ವಿಲ್ಲಿ ಒಂದೊಂದು ಗವಸನ್ನೂ ಒಳಹೊರಗು ಮಾಡಿ, ಮೂಲೆಮೂಲೆ ತಡಕಿಯೇ ಒಗೆಯಲು ಬಿಡುತ್ತಿದ್ದ.

ಆ ಹಲ್ಲಿನ ಕಥೆಯನ್ನು ಸಿಗ್ರಿಡ್ ಹೋದಹೋದಲ್ಲೆಲ್ಲ ಹೇಳಿದಳು. ಹೋಟೆಲಿನವರ ಕಣ್ಣು ಒದ್ದೆಯಾಗುತ್ತಿತ್ತು, ಕರಾರಿಗೆ ಸಹಿ ಬೀಳುತ್ತಿತ್ತು. ಆದರೆ ಕಣ್ಣು ಒದ್ದೆ ಮಾಡಿಕೊಂಡವರಿಗೂ ಮಧ್ಯಾಹ್ನದೊಳಗೆ ಒಣಗಿದ ಬಟ್ಟೆ ಬೇಕಲ್ಲ! ವಿಲ್ಲಿಯ ತಡಕಾಟದಲ್ಲಿ ಬಟ್ಟೆ ದಿನವೂ ತಡವಾಗುತ್ತಿತ್ತು. ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ದೊಡ್ಡ ಹೋಟೆಲು ಹೇಳಿಬಿಟ್ಟಿತು. ಅದು ಕೈಬಿಟ್ಟರೆ ಲಾಂಡ್ರಿಗೆ ಬೀಗ, ಎಲ್ಲರೂ ಬೀದಿಗೆ. ಸಿಗ್ರಿಡ್ ವಿಲ್ಲಿಯನ್ನು ಇಸ್ತ್ರಿ ಕೆಲಸಕ್ಕೆ ಹಾಕಿ ನೋಡಿದಳು. ಅಲ್ಲಿಂದಲೂ ಎದ್ದು ಬಂದು ಗವಸು ತಡಕುತ್ತಿದ್ದ.

ಸೇತುವೆಯಾಚೆ ಇನ್ನೊಂದು ಲಾಂಡ್ರಿ ನಡೆಸುವ ಗೋರ್ಮ್‌ನ ಹತ್ತಿರ ಹೋಗಿ ಕೂತಳು.

"ಕಳಿಸಿಬಿಡು," ಅಂದ ಅವನು, ಕಾಫಿ ಬಗ್ಗಿಸುತ್ತ. "ನಾನಾಗಿದ್ರೆ ಹೋದ ವರ್ಷಾನೇ ಕಳಿಸಿರ್ತಿದ್ದೆ."

"ನಿಂಗೇನಪ್ಪ, ಲಾಭಕ್ಕೆ ಕೂತೋನು."

"ಓಹೋ, ನೀನು ಪುಣ್ಯಕ್ಕೆ ಕೂತೋಳೋ? ಬಿಸಿನೀರಿನ ಬಿಲ್ಲು ಇಬ್ಬರಿಗೂ ಬರತ್ತೆ ಕಣಮ್ಮ."

ಅಷ್ಟರಲ್ಲಿ ಅಲ್ಲಿ ಕೆಲಸಕ್ಕಿದ್ದ ಮುದುಕಿ ಆಸ್ತಾ ಗೋಡೆ ಸವರಿಕೊಂಡು ಬಂದು, ಮಡಿಸಿದ ಟವೆಲುಗಳನ್ನಿಟ್ಟು ಹೋದಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವಳು ಮರೆಯಾದ ಮೇಲೆ ಗೋರ್ಮ್ ಸದ್ದಿಲ್ಲದೆ ಟವೆಲುಗಳನ್ನು ಬಿಡಿಸಿ ಮತ್ತೆ ಮಡಿಸತೊಡಗಿದ.

"ಇವಳನ್ನ ಯಾಕೆ ಇಟ್ಕೊಂಡಿದ್ದೀಯ ಮತ್ತೆ?"

"ನಮ್ಮಪ್ಪನ ಕಾಲದೋಳು. ಒಬ್ಬಳಾದ್ರೆ ಹೇಗೋ ನಡೆಯತ್ತೆ. ವ್ಯಾನ್ ಮೇಲೆ ಬರೆಸಿಲ್ಲ, ಅಷ್ಟೆ."

ಸಿಗ್ರಿಡ್‌ಗೆ ಕಪಾಳಕ್ಕೆ ಹೊಡೆದಂತಾಯಿತು. ಅವನಿಗೆ ಒಬ್ಬಳನ್ನು ಹೊರುವ ಬಲವಿತ್ತು. ತನ್ನಲ್ಲೋ, ಹೊರಬೇಕಾದವರೇ ಎಲ್ಲರೂ.

ಗುರುವಾರ ಸಂಜೆ ವಿಲ್ಲಿಯನ್ನು ಕರೆದಳು.

"ವಿಲ್ಲಿ, ನನ್ನ ಕೈಲಿ ಆಗ್ತಿಲ್ಲ ಕಣೋ. ನಾಳೆಯಿಂದ ಬರೋದು ಬೇಡ. ತಿಂಗಳ ಸಂಬಳ ಪೂರ್ತಿ ಕೊಡ್ತೀನಿ."

"ಗವಸು ನೋಡೋದು ಬಿಟ್ಬಿಡ್ಲಾ?"

"ಬಿಡ್ತೀನಿ ಅಂತ ಎಷ್ಟು ಸಲ ಹೇಳಿದ್ದೀಯ?"

ವಿಲ್ಲಿ ಯೋಚಿಸಿದ. "ಹೌದು. ಬಿಟ್ರೆ ನಿದ್ದೆ ಬರಲ್ಲ," ಅಂದು ಮನೆಗೆ ಹೋದ. ಸಿಗ್ರಿಡ್ ಯಂತ್ರಗಳ ನಡುವೆ ಕೂತು ಅತ್ತಳು. ಯಾರ ಹೆಸರು ಹೇಳಿ ಲಾಂಡ್ರಿ ಕಟ್ಟಿದಳೋ ಅವನನ್ನೇ ಹೊರಗೆ ಹಾಕಿದ್ದಳು.

ಬೆಳಿಗ್ಗೆ ಬಂದರೆ ಊಟದ ಮೇಜಿನ ಮೇಲೆ ಕೇಕ್. ಮೇಲೆ ಕೊಬ್ಬರಿ, ಕಂದು ಸಕ್ಕರೆ. ಒಂದು ಬದಿ ಕುಸಿದಿತ್ತು. ವಿಲ್ಲಿ ಏಪ್ರನ್ ಕಟ್ಟಿಕೊಂಡು ತಟ್ಟೆ ಹಂಚುತ್ತಿದ್ದ.

"ಇವತ್ತು ಯಾರದಪ್ಪ ಎಡವಟ್ಟು?" ಯಾರೋ ನಕ್ಕರು.

"ನಂದೇ. ಎಲ್ಲಾರೂ ತಗೊಳ್ಳಿ."

ದೊಡ್ಡ ತುಂಡನ್ನು ಸಿಗ್ರಿಡ್‌ಗೆ ಕೊಟ್ಟ. ಅವಳು ಬಾಯಿಗಿಡುವವರೆಗೂ ಕಾದು ನಿಂತ.

"ಮುಗೀತಲ್ಲ?" ಅಂದ. "ಈಗ ಕೆಲಸಕ್ಕೆ ಹೋಗ್ಲಾ?"

ಬಾಯಲ್ಲಿ ಕೇಕ್ ಇಟ್ಟುಕೊಂಡೇ ಸಿಗ್ರಿಡ್ ಇಲ್ಲವೆಂದು ತಲೆಯಾಡಿಸಿದಳು. ವಿಲ್ಲಿ ಏಪ್ರನ್ ಬಿಚ್ಚಿದ, ಅದರ ಜೇಬನ್ನು ಒಳಹೊರಗು ಮಾಡಿ ಯಾರದೂ ಏನೂ ಉಳಿದಿಲ್ಲ ತಾನೇ ಎಂದು ತಡಕಿ ನೋಡಿ, ಒಗೆಯುವ ಬುಟ್ಟಿಗೆ ಹಾಕಿದ.